ಮೂರು ಹಲ್ಲಿನ ಬಿಲ್ಲೆ

“ಎಳೀಬೇಡ ಕಣೇ. ಹಾಗಂತ ಸಡಿಲಾನೂ ಬಿಡಬೇಡ. ಸುಮ್ನೆ ಹಿಡ್ಕೊಂಡು ನಿಂತ್ಕೊ.”

“ಐವತ್ತು ವರ್ಷದಿಂದ ಹಿಡ್ಕೊಂಡೇ ನಿಂತಿದ್ದೀನಿ. ಇವತ್ತು ಹೊಸದಾಗಿ ಹೇಳ್ಕೊಡಿ,” ಎಂದು ಬೀದಿಯಾಚೆಯ ಬೇವಿನ ಬುಡದಿಂದ ಆಂಜಿನಮ್ಮ ಗದರಿದರು.

ಸರ್ವೆ ಸರಪಳಿಯ ಒಂದು ಹಿಡಿ ಆಕೆಯ ಕೈಯಲ್ಲಿತ್ತು, ಇನ್ನೊಂದು ಗಂಡ ಕೋದಂಡರಾಮಪ್ಪನವರ ಕೈಯಲ್ಲಿ. ನಡುವೆ ಶ್ರೀನಿವಾಸಪುರದ ಹಳೇ ತಾಲ್ಲೂಕು ಕಚೇರಿಯ ಹಿಂದಿನ ಬೀದಿ. ಟೊಮೇಟೊ ಕ್ರೇಟು ತುಂಬಿಕೊಂಡು ಬಂದ ಆಟೊವೊಂದು ಸರಪಳಿಯ ಈಚೆಗೇ ನಿಂತಿತ್ತು. ಆಟೊದವನು ಹಾರ್ನು ಹೊಡೆಯಲಿಲ್ಲ. ಅವನು ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವನು. ಸರಪಳಿ ಬೀದಿಗೆ ಇಳಿದಾಗ ಮಾತಾಡಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಯ ಮುಂದಿನ ಮೆಟ್ಟಿಲುಗಲ್ಲಿನ ಮೇಲೆ ಉಳಿಯಿಂದ ಕೊರೆದ ಒಂದು ಗೀಟು ಇತ್ತು. ಬೇವಿನ ಬುಡದಲ್ಲಿ ಹೂತ ಚಪ್ಪಡಿಯ ಮೇಲೆ ಇನ್ನೊಂದು. ಎರಡರ ನಡುವೆ ಸರಿಯಾಗಿ ಮೂವತ್ತಮೂರು ಅಡಿ. ಸರ್ವೆ ಇಲಾಖೆಗೆ ಸೇರಿದ ಎರಡನೇ ವರ್ಷ ಕೋದಂಡರಾಮಪ್ಪ ತಾವೇ ಕೂತು ಕೊರೆದದ್ದು. ಕೊಂಡಿ ಸವೆದರೆ ಸರಪಳಿ ಉದ್ದವಾಗುತ್ತದೆ, ಬಾಗಿದರೆ ಗಿಡ್ಡವಾಗುತ್ತದೆ; ಅದಕ್ಕೇ ದಿನಾ ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆ ಈ ಎರಡು ಗೀಟಿನ ಮೇಲೆ ಅದನ್ನು ಹಾಸಿ ತಾಳೆ ನೋಡಬೇಕು. ಕಚೇರಿಯ ಅಂಗಳದಲ್ಲೂ ಅಂಥ ಗುರುತು ಇದ್ದವು, ಈಗ ಅವುಗಳ ಮೇಲೆ ಟೈಲ್ಸು ಕೂತಿದೆ. ಈ ಬೀದಿಗೆ ಕಾಂಕ್ರೀಟು ಹಾಕಿದಾಗ ಮಾತ್ರ ಕೋದಂಡರಾಮಪ್ಪ ಆ ಚಪ್ಪಡಿಯ ಮೇಲೆ ಕುರ್ಚಿ ಹಾಕಿಕೊಂಡು ಎರಡು ದಿನ ಜಪ್ಪಯ್ಯ ಅಂದರೂ ಎದ್ದಿರಲಿಲ್ಲ.

“ಸರಿಯಿದೆಯೇನೇ?”

“ಗೀಟಿನ ಮೇಲೇ ಕೂತಿದೆ!”

“ನೋಡಿದೇನಮ್ಮಾ?” ಎಂದು ಅವರು ಜಗಲಿಯ ಕಡೆ ತಿರುಗಿದರು. ಎಪ್ಪತ್ತೆಂಟು ವರ್ಷದ ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ ಇತ್ತು. “ಇಪ್ಪತ್ತು ವರ್ಷದಿಂದ ಮೊಳೇಲಿ ನೇತಾಡ್ತಿದೆ. ಕೂದಲೆಳೆ ಆಚೀಚೆ ಆಗಿಲ್ಲ.”

ಜಗಲಿಯ ಮೇಲೆ ಕೂತಿದ್ದವಳು ರಮ್ಯ. ಮಾಲೂರಿನ ಕಡೆಯ ಹುಡುಗಿ, ತಾಲ್ಲೂಕಿಗೆ ಸರ್ವೇಯರಾಗಿ ಬಂದು ಎರಡು ವರ್ಷವಾಗಿತ್ತು. ಕೋಲಾರದ ದೊಡ್ಡ ಕಚೇರಿಯಲ್ಲಿ ಹಳೇ ಅಳತೆ ಸಾಮಾನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಸರಪಳಿ ಮಾತ್ರ ಎಲ್ಲೂ ಸಿಕ್ಕಿಲ್ಲ. ಉಕ್ಕಿನ ಟೇಪು ಬಂದ ವರ್ಷವೇ ಅವೆಲ್ಲ ಗುಜರಿಗೆ ಹೋಗಿದ್ದವು. ಅವತ್ತು ಗುಜರಿಯವನ ಗಾಡಿಯಿಂದ ತಮ್ಮ ಸರಪಳಿಯನ್ನು ಹುಡುಕಿ ತೆಗೆದು ಹೆಗಲಿಗೆ ಹಾಕಿಕೊಂಡು ಬಂದವರು ಇವರೊಬ್ಬರೇ. ದೇವರ ಪಟದ ಪಕ್ಕದಲ್ಲೇ ಅದಕ್ಕೊಂದು ಮೊಳೆ. ಸೊಸೆ ಸುನಂದ ಒಮ್ಮೆ ಗೇಟಿಗೆ ಕಟ್ಟೋಕೆ ಕೊಡ್ತೀರಾ ಮಾವ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

“ಇದನ್ನ ಓದೋದು ಹೇಗೆ ಸರ್?” ಎಂದಳು ರಮ್ಯ. ಕೇಳಿದ್ದೇ ತಡ, ಕೋದಂಡರಾಮಪ್ಪ ಸರಪಳಿಯನ್ನು ಮಡಿಲಿಗೆ ಎಳೆದುಕೊಂಡು ಕೂತರು.

“ಒಂದು ಸರಪಳಿಗೆ ಹದಿನಾರು ಆಣೆ. ಒಂದಾಣೆ ಅಂದ್ರೆ ಎರಡಡಿ, ಮೇಲೆ ಚೂರು. ಎರಡೆರಡು ಆಣೆಗೊಂದು ಹಿತ್ತಾಳೆ ಬಿಲ್ಲೆ. ಎರಡನೇ ಆಣೇಲಿ ಒಂದು ಹಲ್ಲಿನ ಬಿಲ್ಲೆ, ನಾಲ್ಕರಲ್ಲಿ ಎರಡು ಹಲ್ಲು, ಆರರಲ್ಲಿ ಮೂರು ಹಲ್ಲು. ನಟ್ಟನಡುವೆ ಈ ಗುಂಡು ಬಿಲ್ಲೆ. ಅಲ್ಲಿಂದ ಆಚೆಗೆ ಮತ್ತೆ ಮೂರು, ಎರಡು, ಒಂದು. ಇದಕ್ಕೆ ತಲೆ ಬಾಲ ಅಂತಿಲ್ಲ ಕಣಮ್ಮ, ಯಾವ ಕಡೆಯಿಂದ ಹಿಡಿದ್ರೂ ಒಂದೇ. ಅದೇ ಇದರ ಸೊಗಸು.”

ರಮ್ಯ ಕೈಯಲ್ಲಿದ್ದ ಫಾರಂ ಮಗುಚಿದಳು. “ಪೆಟ್ಟಿಗೆ ಮುಂದೆ ಒಂದು ಚೀಟಿ ಇಡ್ತಾರೆ ಸರ್. ಏನಂತ ಬರೀಲಿ?”

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವರು ಇಪ್ಪತ್ತು ವರ್ಷ ಕಾದಿದ್ದರು. ಉತ್ತರ ಬಾಯಲ್ಲೇ ಇತ್ತು. “ಬರ್ಕೊ. ಮೂವತ್ನಾಲ್ಕು ವರ್ಷ ಅಳೆದ ಸರಪಳಿ. ಒಂದಾಣೆಯೂ ತಪ್ಪಿಲ್ಲ.”

“ತಾವೇ ಹೇಳ್ಕೋಬೇಕು ಪಾಪ,” ಎಂದು ಒಳಗೆ ಹೋಗುತ್ತ ಆಂಜಿನಮ್ಮ ಗೊಣಗಿದರು. ಆದರೆ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿ ತಂದರು.

ಕಾಫಿ ಕುಡಿಯುವಾಗ ರಮ್ಯಳ ಫೋನು ಬಡಿದುಕೊಂಡಿತು. ಆಚೆಯವರ ಕೂಗು ಜಗಲಿಗೆಲ್ಲ ಕೇಳಿಸುತ್ತಿತ್ತು. “ಬಂದೆ, ಅರ್ಧ ಗಂಟೇಲಿ ಬಂದೆ,” ಎಂದು ಇಟ್ಟು ಅವಳು ನಿಟ್ಟುಸಿರು ಬಿಟ್ಟಳು. “ಗೌನಿಪಲ್ಲಿ ಹತ್ರ ಒಂದು ಹದ್ದುಬಸ್ತು ಸರ್, ಗಡಿ ತಕರಾರು. ಜೆಸಿಬಿಯವರು ಬದು ಸವರುವಾಗ ಬಾಂದುಕಲ್ಲು ಕಿತ್ತು ಎಲ್ಲೋ ಎಸೆದಿದ್ದಾರೆ. ಪುಸ್ತಕದ ಅಳತೆ ನೋಡಿ ಮೊನ್ನೆ ಸ್ಯಾಟಲೈಟ್ ರೋವರಲ್ಲಿ ಜಾಗ ಗುರುತು ಮಾಡಿದೆ. ಇವತ್ತು ಹೊಸ ಕಲ್ಲು ನೆಡಬೇಕು, ಚನ್ನರಾಯಪ್ಪ ಅನ್ನೋರು ಬಿಡ್ತಿಲ್ಲ.”

“ಯಾವ ಹೊಲ?”

“ಗುಂಡುಬಂಡೆ ಪಕ್ಕದ ಮಾವಿನ ತೋಪು.”

ಕೋದಂಡರಾಮಪ್ಪ ಲೋಟ ಕೆಳಗಿಟ್ಟರು. “ಎಂಬತ್ತಾರನೇ ಇಸವಿ. ಆ ಕಲ್ಲು ನಾನು ನೆಟ್ಟಿದ್ದು.”

ರಮ್ಯ ಏನೋ ಹೇಳಲು ಹೋಗಿ ತಡೆದಳು. ಅವರು ಹುಬ್ಬೇರಿಸಿದ ಮೇಲೆ ಮೆಲ್ಲಗೆ ಅಂದಳು: “ಬೇಜಾರು ಮಾಡ್ಕೋಬೇಡಿ ಸರ್. ಹಳೇ ಸರ್ವೇಯರು ಪಕ್ಕದ ತೋಪಿನ ಕದಿರಪ್ಪನ ಮನೇಲಿ ಉಂಡು ಅವರ ಕಡೆಗೇ ಬರೆದ ಅಂತ ಚನ್ನರಾಯಪ್ಪ ಕೂಗಾಡ್ತಿದ್ದಾರೆ.”

ಕೋದಂಡರಾಮಪ್ಪನವರಿಗೆ ಕಿವಿಯ ತುದಿ ಬಿಸಿಯಾಯಿತು. ಮೂವತ್ತನಾಲ್ಕು ವರ್ಷ ನೌಕರಿ ಮಾಡಿ ಅವರು ಕಟ್ಟಿದ್ದು ಈ ಒಂದು ಮನೆ, ಗಳಿಸಿದ್ದು ಒಂದು ಮಾತು: ಕೋದಂಡರಾಮಪ್ಪ ನೆಟ್ಟ ಕಲ್ಲು ಕದಲೋದಿಲ್ಲ. ಮನೆಯನ್ನು ಯಾರಾದರೂ ಕೇಳಿದರೆ ಕೊಟ್ಟಾರು, ಆ ಮಾತನ್ನು ಕೊಡುವಂತಿರಲಿಲ್ಲ.

“ಆ ಚೀಲ ತಗೊಮ್ಮ,” ಎಂದು ಅವರು ಎದ್ದರು. “ಸರಪಳಿ ಆಮೇಲೆ ಕೋಲಾರಕ್ಕೆ ಹೋಗ್ಲಿ. ಇವತ್ತು ಗೌನಿಪಲ್ಲಿಗೆ ಬರುತ್ತೆ.”

ಆಂಜಿನಮ್ಮ ಬೇಡ ಅನ್ನಲಿಲ್ಲ. ಬಿ.ಪಿ. ಮಾತ್ರೆಯನ್ನು ಜೇಬಿಗೆ ತುರುಕಿ, ಟೋಪಿ ತಂದು ತಲೆಗೆ ಇಟ್ಟರು.

ತೋಪಿನಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಮಾವಿನ ಸುಗ್ಗಿ ಮುಗಿದು ಕೈ ಖಾಲಿ ಇರುವ ಕಾಲ, ಜಗಳ ನೋಡಲು ಎಲ್ಲರಿಗೂ ಪುರುಸೊತ್ತು. ಪಡುವಣ ತುದಿಯಲ್ಲಿ ಗುಂಡುಬಂಡೆ, ಅದರ ಬುಡದಲ್ಲಿ ಮೂರು ಸರ್ವೆ ನಂಬರು ಸೇರುವ ಹಳೇ ಕಲ್ಲು. ಅಲ್ಲಿಂದ ಮೂಡಲಿಗೆ ನೇರ ಹೋದರೆ ಮೊದಲು ಚನ್ನರಾಯಪ್ಪನ ತೋಪು, ಆಮೇಲೆ ಕದಿರಪ್ಪನದು. ಇಬ್ಬರ ನಡುವಿನ ಕಲ್ಲು ಇದ್ದ ಜಾಗವೇ ಈಗ ಕಾಣೆಯಾಗಿತ್ತು. ರಮ್ಯ ನೆಟ್ಟಿದ್ದ ಕೆಂಪು ಬಾವುಟದ ಗೂಟ ಏಳು ಮರಗಳ ಒಂದು ಸಾಲಿನ ಈಚೆಗೆ ನಿಂತಿತ್ತು. ಅಲ್ಲೇ ಕಲ್ಲು ಬಿದ್ದರೆ ಆ ಏಳೂ ಮರ ಕದಿರಪ್ಪನ ಪಾಲು.

“ನಮ್ಮಪ್ಪ ಕೈಯಾರೆ ನೆಟ್ಟ ಗಿಡ ಸಾಮಿ ಇವು,” ಎಂದು ಚನ್ನರಾಯಪ್ಪ ಮುಂದೆ ಬಂದ. ಐವತ್ತೈದು ದಾಟಿದ ಆಳು, ಗಂಟಲು ಮಾತ್ರ ಇಪ್ಪತ್ತರದು. “ಕಲ್ಲು ಈ ಸಾಲಿನ ಆಚೆ ಇತ್ತು. ಚಿಕ್ಕೋನಿದ್ದಾಗ ಅದರ ಮೇಲೆ ಕೂತು ಮಾವಿನಕಾಯಿ ತಿಂದಿದ್ದೀನಿ. ನೀವು ಕಲ್ಲು ಒಂದು ಕಡೆ ನೆಟ್ಟು, ಪುಸ್ತಕದಲ್ಲಿ ಇನ್ನೊಂದು ಕಡೆ ಬರೆದ್ರಿ. ಅವತ್ತು ಊಟ ಯಾರ ಮನೇಲಿ ಮಾಡಿದ್ರಿ, ಹೇಳ್ರಿ ಎಲ್ಲರ ಮುಂದೆ!”

“ಕದಿರಪ್ಪನ ಅಪ್ಪನ ಮನೇಲಿ,” ಎಂದರು ಕೋದಂಡರಾಮಪ್ಪ. “ಹಿತಕಿದವರೆ ಸಾರು, ಮುದ್ದೆ. ನಿಮ್ಮಪ್ಪನೂ ಪಕ್ಕದಲ್ಲೇ ಕೂತು ಉಂಡ. ನನಗಿಂತ ಒಂದು ಮುದ್ದೆ ಜಾಸ್ತಿ.”

ಜನ ನಕ್ಕರು. ಚನ್ನರಾಯಪ್ಪ ನಗಲಿಲ್ಲ.

“ಪುಸ್ತಕದಲ್ಲಿ ಇರೋದು, ಮೆಷೀನು ತೋರಿಸ್ತಿರೋದು, ಎರಡೂ ಒಂದೇ ಅಲ್ವಾ,” ಎಂದ ಕದಿರಪ್ಪ. ತಣ್ಣಗೆ ಮಾತಾಡುವ ಮನುಷ್ಯ, ಗೆಲ್ಲುವವರು ಸಾಮಾನ್ಯವಾಗಿ ಹಾಗೇ ಮಾತಾಡುತ್ತಾರೆ. “ಕಲ್ಲನ್ನ ಇವರೇ ಯಾವಾಗ್ಲೋ ಆಚೆಗೆ ಸರಿಸಿದ್ರೇನೋ.”

“ಯಾರು ಸರಿಸಿದ್ದು ಅನ್ನೋದನ್ನ ನಾವು ಹೇಳೋದು ಬೇಡ, ಮಣ್ಣೇ ಹೇಳುತ್ತೆ,” ಎಂದರು ಕೋದಂಡರಾಮಪ್ಪ. ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದರು. “ನಾನು ಕಲ್ಲು ನೆಡೋ ಮುಂಚೆ ಗುಂಡಿಯ ತಳಕ್ಕೆ ಒಂದು ಹಿಡಿ ಇದ್ದಿಲು ಹಾಕ್ತಿದ್ದೆ. ಅದರ ಮೇಲೊಂದು ಹೆಂಚಿನ ಚೂರು ಮುಚ್ಚಿ ಆಮೇಲೆ ಕಲ್ಲು. ಮರ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ, ಇದ್ದಿಲು ನೂರು ವರ್ಷ ಆದ್ರೂ ಹಾಗೇ ಇರುತ್ತೆ. ನನ್ನ ಹೆಂಡ್ತಿ ದಿನಾ ಬೆಳಿಗ್ಗೆ ಒಲೆಯಿಂದ ತೆಗೆದು ಗಂಟು ಕಟ್ಟಿಕೊಡೋಳು. ಕಲ್ಲು ಎತ್ತಿ ಎಸೆಯಬಹುದು, ತಳದ ಇದ್ದಿಲು ಯಾರಿಗೂ ನೆನಪಿರಲ್ಲ. ಅಗೀರಿ ಆ ಬಾವುಟದ ಹತ್ರ. ಮೂರಡಿ.”

ಅಗೆದರು. ಕೆಮ್ಮಣ್ಣು ಬಂತು, ಮಾವಿನ ಬೇರು ಬಂತು. ಮೂರಡಿ ಹೋದರೂ ಇದ್ದಿಲು ಬರಲಿಲ್ಲ.

“ಕಥೆ ಚೆನ್ನಾಗಿತ್ತು,” ಎಂದ ಕದಿರಪ್ಪ.

ರಮ್ಯ ರೋವರನ್ನು ಮತ್ತೊಮ್ಮೆ ನಿಲ್ಲಿಸಿದಳು. ಕೋಲಿನ ತುದಿಯಲ್ಲಿ ಮುದ್ದೆ ಕೂರಿಸಿದ ಹಾಗಿದ್ದ ಆ ಯಂತ್ರ ಕುಂಯ್ ಎಂದಿತು. “ಗುಂಡುಬಂಡೆ ಕಲ್ಲಿಂದ ಹದಿನಾಲ್ಕು ಸರಪಳಿ ಆರು ಆಣೆ ಅಂತ ನಿಮ್ಮ ಬರಹದಲ್ಲೇ ಇದೆ ಸರ್. ಅಂದ್ರೆ ನೂರ ನಲವತ್ನಾಲ್ಕು ಮೀಟರು, ಐವತ್ತೊಂಬತ್ತು ಸೆಂಟಿಮೀಟರು. ಇದೇ ಜಾಗ.”

“ಸರಪಳಿ ಬಿಚ್ಚು,” ಎಂದರು ಕೋದಂಡರಾಮಪ್ಪ.

ಗುಂಡುಬಂಡೆಯ ಬುಡದಿಂದ ಶುರು ಮಾಡಿದರು. ಮುಂದಿನ ಹಿಡಿ ರಮ್ಯಳಿಗೆ, ಹಿಂದಿನದು ತಮಗೆ. ಹಿಂದೆಲ್ಲ ಮುಂದಿನ ಹಿಡಿ ಮುನಿಶಾಮಿಯದು. ಇಪ್ಪತ್ತೆರಡು ವರ್ಷ ಇವರ ಜೊತೆ ಸರಪಳಿ ಎಳೆದವನು, ಬಿಸಿಲಿಗೆ ಹಾಡು, ಮುಳ್ಳಿಗೆ ಬೈಗುಳ, ಎರಡೂ ತೆಲುಗಿನಲ್ಲೇ. ಅವನು ಸತ್ತು ಹನ್ನೊಂದು ವರ್ಷವಾಗಿತ್ತು. “ಇಳಿಜಾರಲ್ಲಿ ನೆಲಕ್ಕೆ ಹಾಸಬೇಡಮ್ಮ, ಸೊಂಟದ ಮಟ್ಟಕ್ಕೆ ಎತ್ತು. ಹಾಂ. ಈಗ ಕಡ್ಡಿ ಚುಚ್ಚು.” ಒಂದು ಸರಪಳಿಗೊಂದು ಕಬ್ಬಿಣದ ಕಡ್ಡಿ. ಮೊದಮೊದಲು ಜನ ತಮಾಷೆ ಮಾಡಿದರು. ಐದನೇ ಸರಪಳಿಯ ಹೊತ್ತಿಗೆ ಸುಮ್ಮನಾದರು. ಎಂಟನೆಯದಕ್ಕೆ ಒಬ್ಬ ಮುದುಕ ತಾನಾಗಿಯೇ ಮುಂದೆ ಹೋಗಿ ದಾರಿಯ ಮುಳ್ಳುಕೊಂಬೆ ಎಳೆದು ಹಾಕಿದ. ಕೋದಂಡರಾಮಪ್ಪನವರ ಮೊಣಕಾಲು ನೋಯುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಆದರೂ ಕೈಯಲ್ಲಿ ಸರಪಳಿ ಇದ್ದಾಗ ಅವರ ಬೆನ್ನು ನೆಟ್ಟಗಿರುತ್ತಿತ್ತು, ಇವತ್ತೂ ನೆಟ್ಟಗೇ ಇತ್ತು. ಈ ಸದ್ದು, ಕೊಂಡಿಗೆ ಕೊಂಡಿ ತಗಲುವ ಈ ಸದ್ದನ್ನು ಎಷ್ಟೋ ವರ್ಷದ ಮೇಲೆ ಹೊಲದಲ್ಲಿ ಕೇಳಿ ಸಂತೋಷವಾಯಿತು.

ಹದಿನಾಲ್ಕು ಕಡ್ಡಿ ಆಯಿತು. ಹದಿನೈದನೇ ಸರಪಳಿಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದರು. ಕೋದಂಡರಾಮಪ್ಪ ಹಿಂದಿನ ಹಿಡಿಯನ್ನು ಕಡ್ಡಿಗೆ ಸಿಕ್ಕಿಸಿ, ಸರಪಳಿಯ ಪಕ್ಕದಲ್ಲೇ ನಡೆದು ಬಂದರು. ಒಂದು ಹಲ್ಲು, ಎರಡು ಹಲ್ಲು, ಮೂರು ಹಲ್ಲು. ಆರು ಆಣೆ.

ಮೂರು ಹಲ್ಲಿನ ಬಿಲ್ಲೆ ಕೆಂಪು ಬಾವುಟದ ಬುಡಕ್ಕೇ ಬಂದು ಕೂತಿತ್ತು. ಅಗೆದ ಗುಂಡಿಯ ಅಂಚಿಗೆ, ನಾಲ್ಕು ಬೆರಳಿನ ಅಂತರದಲ್ಲಿ.

“ಮೆಷೀನೂ ಸರಪಳಿಯೂ ಒಂದೇ ಮಾತು ಹೇಳ್ತಿವೆ!” ಎಂದು ಕದಿರಪ್ಪ ಕೈ ತಟ್ಟಿದ. ರಮ್ಯಳ ಕಣ್ಣಲ್ಲಿ ಬೆರಗಿತ್ತು. ಉಪಗ್ರಹದ ಲೆಕ್ಕಕ್ಕೂ ಈ ತುಕ್ಕಿನ ಕಬ್ಬಿಣಕ್ಕೂ ಬರೀ ನಾಲ್ಕು ಬೆರಳಿನ ವ್ಯತ್ಯಾಸ. ಬೇರೆ ಯಾವ ದಿನವಾದರೂ ಕೋದಂಡರಾಮಪ್ಪ ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಇವತ್ತು ಅವರು ಬಿಲ್ಲೆಯನ್ನೇ ನೋಡುತ್ತ ನಿಂತರು. ಹಾಗಾದರೆ ಇದ್ದಿಲೆಲ್ಲಿ? ತಾನು ಇದ್ದಿಲು ಹಾಕದೇ ಕಲ್ಲು ನೆಟ್ಟೆನೇ? ಅಥವಾ ಈ ಜನ ಹೇಳುವ ಹಾಗೆ, ಕಲ್ಲು ಒಂದು ಕಡೆ ಬರಹ ಒಂದು ಕಡೆ ಮಾಡಿದೆನೇ?

ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದರು. ಮೂರು ಹಲ್ಲು. ಅದರ ಮುಂದೆ ನಡುವಿನ ಗುಂಡು ಬಿಲ್ಲೆ, ಮಣ್ಣಲ್ಲಿ ಅರ್ಧ ಮುಚ್ಚಿತ್ತು. ಅದರಾಚೆ, ಏಳು ಮರದ ಸಾಲು ದಾಟಿ, ಬಿಸಿಲಿಗೆ ಇನ್ನೊಂದು ಬಿಲ್ಲೆ ಮಿಂಚುತ್ತಿತ್ತು. ಅದಕ್ಕೂ ಮೂರು ಹಲ್ಲು.

ಆಗ ಅವರಿಗೆ ಎಲ್ಲ ನೆನಪಾಯಿತು, ಯಾರೋ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ. ಮಾಗಿಯ ಬೆಳಗು ಮುಗಿದು ಮಧ್ಯಾಹ್ನವಾಗಿತ್ತು. ಇಬ್ಬರ ಅಪ್ಪಂದಿರೂ ಒಪ್ಪಿ ತೋರಿಸಿದ ಜಾಗದಲ್ಲಿ ಇದ್ದಿಲು ಹಾಕಿ ಕಲ್ಲು ನೆಟ್ಟು ಆಗಿತ್ತು. ಉಳಿದದ್ದು ಅದರ ದೂರ ಅಳೆದು ಬರೆಯುವುದಷ್ಟೇ. ಕದಿರಪ್ಪನ ಮನೆಯಿಂದ ಹಿತಕಿದವರೆ ಸಾರಿನ ಒಗ್ಗರಣೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಹದಿನೈದನೇ ಸರಪಳಿಯಲ್ಲಿ ಮುನಿಶಾಮಿ ಕಲ್ಲಿನ ಪಕ್ಕ ನಿಂತು ಕೂಗಿದ್ದ: “ಮೂಡು ಪಳ್ಳು ಸಾಮೀ!” ಮೂರು ಹಲ್ಲು. ಇವರು ಹಿಂದೆ ನಿಂತಲ್ಲಿಂದಲೇ ಆರು ಆಣೆ ಎಂದು ಬರೆದರು. ನಡೆದು ಹೋಗಿ ಬಿಲ್ಲೆಯನ್ನು ಕಣ್ಣಾರೆ ನೋಡಬೇಕು, ಅದು ನಿಯಮ. ಆ ಕಡೆಯಿಂದ ವಾಪಸ್ಸು ಅಳೆದು ತಾಳೆ ನೋಡಬೇಕು, ಅದೂ ನಿಯಮ. ಅವತ್ತು ಎರಡನ್ನೂ ಊಟ ಆದ ಮೇಲೆ ನೋಡೋಣ ಅಂದುಕೊಂಡರು. ಊಟ ಆದ ಮೇಲೆ ನಿದ್ದೆ ಬಂತು.

ಎದ್ದು ನಿಲ್ಲಲು ಅವರಿಗೆ ರಮ್ಯಳ ಕೈ ಬೇಕಾಯಿತು. ಸರಪಳಿಯ ಪಕ್ಕದಲ್ಲೇ ಮುಂದೆ ನಡೆದರು, ಗುಂಡು ಬಿಲ್ಲೆ ದಾಟಿದರು, ಮರದ ಸಾಲು ದಾಟಿದರು. ಎಂಟಡಿ ಮೂರು ಇಂಚು. “ಇಲ್ಲಿ ಅಗೀರಿ,” ಎಂದರು. ದನಿ ಸಣ್ಣಗಿತ್ತು.

ಎರಡಡಿಯ ಮೇಲೆ ಇನ್ನೊಂದು ಗೇಣು ಹೋದಾಗ ಗುದ್ದಲಿ ಟಣ್ ಎಂದಿತು. ಹೆಂಚಿನ ಚೂರು. ಅಗೆಯುತ್ತಿದ್ದವನು ಕೈಯಿಂದ ಅದನ್ನು ಎತ್ತಿದ. ಕೆಳಗೆ, ಕೆಮ್ಮಣ್ಣಿನ ನಡುವೆ, ಒಂದು ಹಿಡಿ ಇದ್ದಿಲು, ನಿನ್ನೆ ಒಲೆಯಿಂದ ತೆಗೆದಷ್ಟು ಕಪ್ಪಗೆ.

ತೋಪೆಲ್ಲ ಒಮ್ಮೆಲೇ ಮಾತಾಡತೊಡಗಿತು. ಚನ್ನರಾಯಪ್ಪ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟ. ಅವನ ಕಣ್ಣು ಇದ್ದಿಲಿನ ಮೇಲಲ್ಲ, ಏಳು ಮರದ ಮೇಲಿತ್ತು. ಕದಿರಪ್ಪ ಬಗ್ಗಿ ನೋಡಿದ, ಹೆಂಚಿನ ಚೂರನ್ನು ತಿರುಗಿಸಿ ನೋಡಿದ. ಸೋಲನ್ನೂ ಅವನು ತಣ್ಣಗೇ ತೆಗೆದುಕೊಂಡ.

“ಸರಿ ಬಿಡಿ. ಕಲ್ಲು ಇಲ್ಲೇ ಇತ್ತು. ಹಾಗಾದ್ರೆ ಪುಸ್ತಕದಲ್ಲಿ ಆರು ಅಂತ ಯಾಕಿದೆ? ಮುನಿಶಾಮಿ ಹೊತ್ತಾರೆಯಿಂದಲೇ ಹೆಂಡ ಏರಿಸ್ತಿದ್ದ ಅಂತ ನಮ್ಮಪ್ಪ ಹೇಳೋರು. ಅವನೇ ಏನೋ ತಪ್ಪು ಕೂಗಿರ್ತಾನೆ.”

“ಹೌದೌದು, ಅವನು ಕುಡೀತಿದ್ದ,” ಎಂದು ನಾಲ್ಕು ಜನ ದನಿಗೂಡಿಸಿದರು. ಎಲ್ಲರಿಗೂ ಅದು ಒಳ್ಳೇ ದಾರಿಯಾಗಿ ಕಂಡಿತು. ಸತ್ತವನ ಮೇಲೆ ಹೊರಿಸಿದ ಹೊರೆ ಯಾರಿಗೂ ಭಾರವಲ್ಲ. ಮಹಜರಿನ ಕಾಗದ ಹಿಡಿದಿದ್ದ ರಮ್ಯ ಕೂಡ ತಲೆ ಎತ್ತಿ, “ಹಾಗೇ ಬರೀಲಾ ಸರ್? ಸರಪಳಿ ಎಳೆಯೋರ ತಪ್ಪಿಂದ ಅಂತ?” ಎಂದಳು. ಕೇಳಿದ್ದು ಒಳ್ಳೇ ಮನಸ್ಸಿನಿಂದಲೇ.

ಕೋದಂಡರಾಮಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಆ ಚೀಟಿಯ ಸಾಲು ಅವರ ಕಣ್ಣ ಮುಂದೆಯೇ ಇತ್ತು. ಒಂದಾಣೆಯೂ ತಪ್ಪಿಲ್ಲ. ಈಗ ಹೂಂ ಅಂದರೆ ಆ ಸಾಲು ಗಾಜಿನೊಳಗೆ ಹಾಗೇ ಉಳಿಯುತ್ತದೆ. ಊಹೂಂ ಅಂದರೆ ಸರ್ಕಾರದ ಕಾಗದದಲ್ಲಿ ತಮ್ಮ ಹೆಸರಿನ ಎದುರಿಗೆ ತಪ್ಪು ಎಂಬ ಮಾತು ಕೂರುತ್ತದೆ, ತಾವು ಹೋದ ಮೇಲೂ ಕೂತಿರುತ್ತದೆ. ಆದರೆ ಕಿವಿಯಲ್ಲಿ ಮುನಿಶಾಮಿಯ ಕೂಗು ಇನ್ನೂ ಇತ್ತು.

“ಬೇಡಮ್ಮ,” ಎಂದರು. “ಮುನಿಶಾಮಿ ಕುಡೀತಿದ್ದ, ನಿಜ. ಸಂಜೆ ಕುಡೀತಿದ್ದ. ಸರಪಳಿ ಹಿಡ್ಕೊಂಡು ಒಂದು ದಿನವೂ ಕುಡಿದೋನಲ್ಲ. ಅವನು ಮೂರು ಹಲ್ಲು ಅಂದ, ಮೂರು ಹಲ್ಲೇ ಇತ್ತು. ಅದು ನಡುವಿನ ಬಿಲ್ಲೆಯ ಈಚೆಯದೋ ಆಚೆಯದೋ ಅಂತ ಎದ್ದು ಹೋಗಿ ನೋಡಬೇಕಾಗಿದ್ದೋನು ನಾನು. ಆಚೆಯದಾಗಿದ್ರೆ ಹತ್ತು ಆಣೆ. ನಾನು ನೋಡದೇ ಆರು ಅಂತ ಬರೆದೆ.” ಅವರು ಜನರ ಕಡೆ ತಿರುಗಿದರು. “ಚನ್ನರಾಯಪ್ಪ ಹೇಳಿದ್ದರಲ್ಲಿ ಅರ್ಧ ನಿಜ ಐತೆ. ಊಟಕ್ಕೆ ಆಸೆಪಟ್ಟು ಯಾರ ಕಡೆಗೂ ಬರೀಲಿಲ್ಲ. ಆದ್ರೆ ಸಾರಿನ ವಾಸನೆಗೆ ತಾಳೆ ನೋಡೋದು ಬಿಟ್ಟೆ. ನೆಟ್ಟ ಕಲ್ಲು ಸರಿ. ಬರೆದ ಕೈ ತಪ್ಪು. ಆ ಕೈ ನಂದು. ಬರ್ಕೊಮ್ಮ, ರುಜು ಹಾಕ್ತೀನಿ.”

ಯಾರೂ ನಗಲಿಲ್ಲ. ರಮ್ಯ ಬರೆದಳು. ಅವರು ಕಾಗದವನ್ನು ತೊಡೆಯ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಓದಿ, ಕೋದಂಡರಾಮಪ್ಪ, ನಿವೃತ್ತ ಭೂಮಾಪಕ ಎಂದು ಪೂರ್ತಿ ಬರೆದು ರುಜು ಹಾಕಿದರು. ಹಾಕುವವರೆಗೆ ನಾಚಿಕೆ ಇತ್ತು. ಹಾಕಿದ ಮೇಲೆ ನೋಡಿದರೆ ಬೆನ್ನು ಮತ್ತೆ ನೆಟ್ಟಗಾಗಿತ್ತು. ಅವರಿಗೇ ಅದು ಸೋಜಿಗ ಅನ್ನಿಸಿತು.

ಹೊಸ ಕಲ್ಲನ್ನು ತಂದರು. ಕೋದಂಡರಾಮಪ್ಪ ಅದೇ ಇದ್ದಿಲನ್ನು ತಾವೇ ಗುಂಡಿಯ ತಳಕ್ಕೆ ಜೋಡಿಸಿ, ಅದೇ ಹೆಂಚಿನ ಚೂರು ಮುಚ್ಚಿದರು. ಕಲ್ಲು ನಿಂತಿತು. ಚನ್ನರಾಯಪ್ಪ ಒಂದಷ್ಟು ಹೊತ್ತು ಕಾಲಲ್ಲಿ ಮಣ್ಣು ಕೆದಕುತ್ತ ನಿಂತಿದ್ದು, ಆಮೇಲೆ ಹತ್ತಿರ ಬಂದ.

“ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಸಾಮಿ. ಮನಸಲ್ಲಿ ಇಟ್ಕೋಬೇಡಿ. ಇವತ್ತು ನಮ್ಮನೇಲಿ ಊಟ. ಆಗ್ಲೇ ಎಸರಿಟ್ಟವ್ರೆ, ಬನ್ನಿ.”

“ಬರ್ತೀನಿ,” ಎಂದರು ಕೋದಂಡರಾಮಪ್ಪ. “ಮೊದ್ಲು ಆ ಕಡೆಯಿಂದ ತಾಳೆ ನೋಡೋಣ. ಊಟ ಆಮೇಲೆ. ರಮ್ಯಮ್ಮಾ, ಹಿಡಿ ಎತ್ಕೊ.”

ಸೋಮವಾರ ಬೆಳಿಗ್ಗೆ ಸರಪಳಿಯನ್ನು ಒಯ್ಯಲು ರಮ್ಯ ಬಂದಳು. ಕೋದಂಡರಾಮಪ್ಪ ಆಗಲೇ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಹುಣಸೆಹಣ್ಣಿನಲ್ಲಿ ಬಿಲ್ಲೆಗಳನ್ನೆಲ್ಲ ತಿಕ್ಕಿ, ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದರು. ಮೂರು ಹಲ್ಲಿನ ಎರಡೂ ಬಿಲ್ಲೆಗಳು ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕಾಣುವ ಹಾಗೆ ಇಡಬೇಕೆಂದು ಎರಡು ಸಲ ಹೇಳಿದರು. ಗೋಡೆಯ ಮೇಲಿನ ಖಾಲಿ ಮೊಳೆಗೆ ಆಂಜಿನಮ್ಮ ಕ್ಯಾಲೆಂಡರು ನೇತು ಹಾಕಲು ಹೋಗಿ, ಗಂಡನ ಮುಖ ನೋಡಿ, ವಾಪಸ್ಸು ತೆಗೆದಿಟ್ಟರು.

“ಚೀಟಿ ನೀವು ಹೇಳಿದ ಹಾಗೇ ಪ್ರಿಂಟು ಮಾಡಿಸಿದೆ ಸರ್,” ಎಂದು ರಮ್ಯ ಒಂದು ದಪ್ಪ ಕಾಗದ ಕೊಟ್ಟಳು. “ನಮ್ಮ ಸಾಹೇಬ್ರು ಆ ಸಾಲು ಯಾಕೆ, ತೆಗೀರಿ ಅಂದ್ರು. ನೀವು ತೆಗೆಯೋಕೆ ಬಿಡಲ್ಲ ಅಂದೆ.”

“ಏನು ಬರೆದವ್ರೆ, ಓದಿ,” ಎಂದರು ಓದಲು ಬಾರದ ಆಂಜಿನಮ್ಮ.

ಕೋದಂಡರಾಮಪ್ಪ ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಓದಿದರು. “ಸರ್ವೆ ಸರಪಳಿ. ಮೂವತ್ತಮೂರು ಅಡಿ, ಹದಿನಾರು ಆಣೆ. ಅಳೆದವರು: ಮುನಿಶಾಮಿ, ಕೋದಂಡರಾಮಪ್ಪ. ಒಂದು ಸಲ ತಪ್ಪು ಓದಲಾಗಿದೆ. ಸರಪಳಿ ತಪ್ಪಿಲ್ಲ.”

“ಸಾರಿನ ವಿಷಯ ಬರೆದಿಲ್ಲ, ಸದ್ಯ,” ಎಂದರು ಆಂಜಿನಮ್ಮ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಳಗೆ ಹಾಲು ಉಕ್ಕುತ್ತಿದೆ ಎಂದು ಹೋದರು. ಒಲೆಯ ಮೇಲೆ ಹಾಲಿರಲಿಲ್ಲ.

ರಮ್ಯ ಚೀಲವನ್ನು ಜೀಪಿನಲ್ಲಿಟ್ಟಳು. ಆದರೆ ಹತ್ತಲಿಲ್ಲ. ರೋವರಿನ ಕೋಲನ್ನು ಹೊರಗೆ ತೆಗೆದು, ಬೀದಿ ದಾಟಿ, ಬೇವಿನ ಬುಡದ ಚಪ್ಪಡಿಯ ಮೇಲೆ ಬಗ್ಗಿದಳು. ಬೆರಳಿನಿಂದ ಗೀಟಿನ ಧೂಳು ಕೆರೆದು, ಕೋಲಿನ ಮೊನೆಯನ್ನು ಅದರೊಳಗೆ ಊರಿದಳು.

“ಇದಕ್ಕೂ ಬೆಳಿಗ್ಗೆ ತಾಳೆ ನೋಡೋ ಜಾಗ ಬೇಕಲ್ಲ ಸರ್,” ಎಂದು ಅಲ್ಲಿಂದಲೇ ಕೂಗಿದಳು. “ಹೊಲಕ್ಕೆ ಹೋಗೋ ದಿನವೆಲ್ಲ ಬರ್ತೀನಿ. ಆ ಕಡೆ ಗೀಟು ತೋರಿಸಿ.”

ಕೋದಂಡರಾಮಪ್ಪ ಜಗಲಿಯಿಂದ ಇಳಿದರು. ಮೆಟ್ಟಿಲುಗಲ್ಲಿನ ಗೀಟಿನ ಪಕ್ಕದಲ್ಲಿ ಬರಿಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತರು. ಕ್ರೇಟು ತುಂಬಿಕೊಂಡು ಬಂದ ಟೊಮೇಟೊ ಆಟೊ ಬೀದಿಯ ನಡುವೆ ನಿಂತಿತು. ಅಡ್ಡಕ್ಕೆ ಏನೂ ಇರಲಿಲ್ಲ. ಆದರೂ ಆಟೊದವನು ಹಾರ್ನು ಹೊಡೆಯದೆ, ಇಬ್ಬರನ್ನೂ ನೋಡುತ್ತ, ಕಾಯುತ್ತ ಕೂತ.